ಕಡಲಿನಲ್ಲಿ ಮುಳುಗುವವರ ಉಡುಪು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಬಂಡೆಗಳ ಸೀಮೆಯ ಊರುಗಳು. ಇಲ್ಲಿಯ ಜನಕ್ಕೆ ರಾಗಿಯ ಹೊಲ ಗೊತ್ತು, ರೇಷ್ಮೆಯ ಗೂಡು ಗೊತ್ತು, ಅರಗಿನ ಬಣ್ಣದ ಬೊಂಬೆ ಗೊತ್ತು. ಕಡಲೆಂಬುದು ಮಾತ್ರ ಘಟ್ಟವನ್ನು ಇಳಿದ ಮೇಲೆ ಕಾಣತಕ್ಕ ದೂರದ ವಸ್ತು. ಆದರೆ ಕಾಲವು ಬದಲಾಗಿದೆ. ನಮ್ಮ ಮನೆಗಳ ಹುಡುಗ ಹುಡುಗಿಯರು ರಜೆ ಬಂತೆಂದರೆ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವನ್ನು ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿನೊಳಕ್ಕೆ ಇಳಿಯುತ್ತಿದ್ದಾರೆ. ಇದಕ್ಕೆ ಸ್ಕೂಬಾ ಡೈವಿಂಗ್ ಎಂದು ಹೆಸರು.

ಮಕ್ಕಳು ಈ ವಿಷಯವನ್ನು ಎತ್ತಿದೊಡನೆ ಹಿರಿಯರು ದೋಣಿಯ ಮಾತನ್ನು ಕೇಳುತ್ತಾರೆ, ಖರ್ಚಿನ ಮಾತನ್ನು ಕೇಳುತ್ತಾರೆ, ದೊಡ್ಡ ಮೀನುಗಳ ಮಾತನ್ನಂತೂ ತಪ್ಪದೆ ಕೇಳುತ್ತಾರೆ. ಉಡುಪಿನ ವಿಚಾರವನ್ನು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ. ಕೇಳದೆ ಹೋದುದರಿಂದ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಚನ್ನಪಟ್ಟಣದಲ್ಲಿರುವ ನನ್ನ ತಮ್ಮನ ಮಗಳು ಮೊದಲ ಸಲ ಮುಳುಗಲು ಹೊರಟಾಗ ಜೊತೆಗೆ ಹೋದವನು ನಾನು. ದೋಣಿ ಹತ್ತುವ ಮುಂಚೆ ಅವಳಿಗೆ ಒಂದು ಕಪ್ಪು ರಬ್ಬರಿನ ಉಡುಪನ್ನು ಕೊಟ್ಟರು. ಹೇಗೋ ತೊಟ್ಟಳು. “ಕುತ್ತಿಗೆ ಹಿಡಿದ ಹಾಗಾಗುತ್ತಿದೆ, ದೊಡ್ಡಪ್ಪ” ಎಂದಳು. ನಾನು, “ಹೊಸದಕ್ಕೆ ಹಾಗೆಯೇ ಇರುತ್ತದಮ್ಮ, ಸ್ವಲ್ಪ ತಾಳಿಕೊ” ಎಂದೆ. ಅಪರಿಚಿತರ ಮುಂದೆ ಉಡುಪನ್ನು ಬದಲಾಯಿಸಿ ಕೊಡಿರೆಂದು ಕೇಳುವುದಕ್ಕೆ ಅವಳಿಗೂ ಸಂಕೋಚ. ದೋಣಿಯು ಅರ್ಧ ದಾರಿಯನ್ನು ಮುಟ್ಟುವಷ್ಟರಲ್ಲಿ ಅವಳ ಮುಖವು ಬಿಳಿಚಿಕೊಂಡಿತು. ಕಣ್ಣು ಕತ್ತಲೆಯಾಗಿ ನನ್ನ ಭುಜಕ್ಕೆ ಒರಗಿದಳು. ಕಡಲಿನ ವಾಂತಿ ಇರಬಹುದೆಂದು ನಾನೆಣಿಸಿದೆ. ದೋಣಿಯ ಹುಡುಗನೊಬ್ಬನು ಕಂಡು, ಓಡಿಬಂದು, ಬೆನ್ನಿನ ಜಿಪ್ಪನ್ನು ಸರ್ರನೆ ಕೆಳಕ್ಕೆಳೆದನು. ಎರಡು ನಿಮಿಷದಲ್ಲಿ ಹುಡುಗಿಗೆ ಉಸಿರು ನೆಟ್ಟಗಾಯಿತು. ದೋಣಿಯಲ್ಲಿದ್ದ ಬೇರೊಂದು ಉಡುಪನ್ನು ತೊಟ್ಟು, ವಿಶ್ರಮಿಸಿಕೊಂಡು, ಅವಳು ಅಂದು ಮುಳುಗಿ ಮೀನುಗಳನ್ನು ನೋಡಿಯೇ ಬಂದಳು. ನೀರಿನೊಳಗೆ ಹೀಗಾಗಿದ್ದರೆ? ಆ ಯೋಚನೆಯು ನನ್ನನ್ನು ಈಗಲೂ ಬಿಟ್ಟಿಲ್ಲ. ತಾಳಿಕೊ ಎಂದವನು ನಾನಲ್ಲವೆ?

ಕುತ್ತಿಗೆಯ ಎರಡು ಪಕ್ಕಗಳಲ್ಲಿ ಮೆದುಳಿಗೆ ರಕ್ತವನ್ನೊಯ್ಯುವ ದೊಡ್ಡ ನಾಳಗಳುಂಟು. ರಕ್ತದ ಒತ್ತಡವನ್ನು ಅರಿಯುವ ನರಗಳು ಅಲ್ಲಿಯೇ ಇವೆ. ಬಿಗಿಯಾದ ಕೊರಳುಪಟ್ಟಿಯು ಆ ಜಾಗವನ್ನು ಒತ್ತಿದರೆ, ಒತ್ತಡವು ಹೆಚ್ಚಾಯಿತೆಂದು ದೇಹವು ಮೋಸಹೋಗಿ ಹೃದಯದ ಬಡಿತವನ್ನು ತಗ್ಗಿಸುತ್ತದೆ. ತಲೆ ಸುತ್ತುತ್ತದೆ, ಎಚ್ಚರ ತಪ್ಪುವುದೂ ಉಂಟು. ಆದುದರಿಂದ ಕುತ್ತಿಗೆಯ ಬಿಗಿಯನ್ನು ಸಹಿಸುವುದು ಧೈರ್ಯವಲ್ಲ.

ಹಾಗಾದರೆ ಈ ಉಡುಪಾದರೂ ಏತಕ್ಕೆ? ನೀರು ಗಾಳಿಗಿಂತ 20 ಪಟ್ಟಿಗೂ ಮಿಗಿಲಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ನಮ್ಮ ಮೈಯ ಶಾಖವು 37 ಡಿಗ್ರಿ. ಮುಳುಗುವ ಕಾಲದಲ್ಲಿ ನೇತ್ರಾಣಿಯ ನೀರು ಸಾಮಾನ್ಯವಾಗಿ 26ರಿಂದ 30 ಡಿಗ್ರಿ. ಕೈಯಿಟ್ಟರೆ ಬೆಚ್ಚಗೆನಿಸುವ ಆ ನೀರಿನಲ್ಲಿಯೂ ಮುಕ್ಕಾಲು ಗಂಟೆ ಇದ್ದರೆ ನಡುಕ ಹುಟ್ಟೀತು. ಅದನ್ನು ತಡೆಯುವುದಕ್ಕೆ ವೆಟ್‌ಸೂಟ್ ಎಂಬ ಈ ಉಡುಪು. ಇದರ ಬಟ್ಟೆಯಾದ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು ಅಮೆರಿಕದ ಡುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞರು 1930ರಲ್ಲಿ ಕಂಡುಹಿಡಿದರು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅವರು, ಮುಳುಗುವವನ ಮೈ ಒದ್ದೆಯಾದರೂ ಚಿಂತೆಯಿಲ್ಲ, ಉಡುಪಿನೊಳಗೆ ಸಣ್ಣ ಗಾಳಿಗುಳ್ಳೆಗಳಿದ್ದರೆ ಶಾಖವು ಉಳಿಯುತ್ತದೆಂದು ಮನಗಂಡರು. ನಮ್ಮ ಕಂಬಳಿಯ ಗುಟ್ಟೂ ಇದೇ: ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿದ ಗಾಳಿ. ವೆಟ್‌ಸೂಟಿನೊಳಕ್ಕೆ ನುಸುಳಿದ ತೆಳುವಾದ ನೀರಿನ ಪದರವು ಮೈಯ ಶಾಖದಿಂದ ಬೆಚ್ಚಗಾಗಿ ಅಲ್ಲಿಯೇ ನಿಲ್ಲುತ್ತದೆ. ನಿಲ್ಲದೆ ಹರಿದಾಡಿದರೆ ಉಡುಪು ತೊಟ್ಟೂ ಪ್ರಯೋಜನವಿಲ್ಲ.

ಇದನ್ನು ತಿಳಿದ ಮೇಲೆ ಆರಿಸುವ ಕ್ರಮವು ತಾನಾಗಿಯೇ ತಿಳಿಯುತ್ತದೆ. ಮೊದಲನೆಯದು ದಪ್ಪ. ನಮ್ಮ ಕರಾವಳಿಗೆ 3 ಮಿಲಿಮೀಟರ್ ದಪ್ಪದ್ದು ಸಾಕು. ಚಳಿ ತಾಳದವರಿಗೆ 5 ಮಿಲಿಮೀಟರ್. ಶೀತದೇಶದ ನೀರಿಗಾಗಿ ಮಾಡಿದ 7 ಮಿಲಿಮೀಟರಿನದನ್ನು ಇಲ್ಲಿ ತೊಟ್ಟರೆ ಬೆವರಿ ಬಳಲುವುದೇ ಲಾಭ. ಕೈಕಾಲುಗಳನ್ನು ಪೂರ್ತಿ ಮುಚ್ಚುವ ಉಡುಪು ಹವಳ ಮತ್ತು ಬಂಡೆಗಳ ತರಚುಗಾಯದಿಂದಲೂ ಕಾಪಾಡುತ್ತದೆ.

ಎರಡನೆಯದು ಅಳತೆ. ಕಂಕುಳು, ಬೆನ್ನಿನ ಕೆಳಭಾಗ, ತೊಡೆಯ ಸಂದು ಈ ಮೂರು ಕಡೆ ಉಡುಪು ಜೋತುಬೀಳಬಾರದು. ಬಿದ್ದರೆ ನೀರು ಅಲ್ಲಿಯೇ ಹರಿದಾಡುವುದು. ಜಿಪ್ಪು ಹಾಕಿದ ಮೇಲೆ ಎದೆ ತುಂಬ ಉಸಿರೆಳೆದು ನೋಡಬೇಕು, ಕೈಗಳನ್ನು ಮೇಲಕ್ಕೆತ್ತಬೇಕು, ಕುಕ್ಕುರುಗಾಲಿನಲ್ಲಿ ಕೂತೇಳಬೇಕು. ಕೊರಳುಪಟ್ಟಿಯೊಳಗೆ ಬೆರಳು ಸಲೀಸಾಗಿ ಆಡಬೇಕು. ನೆಲದ ಮೇಲೆ ತುಸು ಬಿಗಿಯೆನಿಸುವುದು ನೀರಿನಲ್ಲಿ ಸಡಿಲವಾಗುತ್ತದೆ, ನಿಜ. ಆದರೆ ಮೈಯನ್ನು ಅಪ್ಪುವ ಬಿಗಿಯೇ ಬೇರೆ, ಉಸಿರನ್ನು ಹಿಡಿಯುವ ಬಿಗಿಯೇ ಬೇರೆ. ಮೊದಲನೆಯದನ್ನು ಒಪ್ಪಿಕೊಳ್ಳಿ, ಎರಡನೆಯದನ್ನು ಒಡನೆ ಹೇಳಿಬಿಡಿ.

ಇನ್ನು ತೊಡುವ ವಿಧಾನ. ಬಳೆಗಾರನು ಕೈಗೆ ಬಳೆಯನ್ನೇರಿಸುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು: ಆತನು ನೂಕುವುದಿಲ್ಲ, ಬೆರಳಿನ ಗೆಣ್ಣುಗಳನ್ನು ಒತ್ತಿ ಒತ್ತಿ ಮೆಲ್ಲಗೆ ಜಾರಿಸುತ್ತಾನೆ. ವೆಟ್‌ಸೂಟಿಗೂ ಅದೇ ನಾಜೂಕು ಬೇಕು. ಬಳೆ, ಉಂಗುರ, ಉದ್ದ ಸರಗಳನ್ನು ಮೊದಲೇ ತೆಗೆದಿಡಬೇಕು, ಕೂದಲನ್ನು ಕಟ್ಟಬೇಕು, ಒಳಗೆ ಈಜುಡುಪಿರಬೇಕೇ ಹೊರತು ಸುಕ್ಕುಗಟ್ಟಿ ಒತ್ತುವ ಹತ್ತಿಯ ಬಟ್ಟೆಯಲ್ಲ. ಜಿಪ್ಪು ಸಾಮಾನ್ಯವಾಗಿ ಬೆನ್ನಿನ ಕಡೆಗೆ ಬರತಕ್ಕದ್ದು. ನೆರಳಿನಲ್ಲಿ ಕುಳಿತು, ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಹಾಕಿಕೊಂಡರೆ ಕಾಲು ಸುಲಭವಾಗಿ ಜಾರುತ್ತದೆ. ಹಿಮ್ಮಡಿ, ಮೊಣಕಾಲು, ತೊಡೆ ಎಂದು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ತರಬೇಕು. ಉಗುರು ತಗುಲಿದರೆ ರಬ್ಬರು ಹರಿಯುವುದರಿಂದ ಬೆರಳ ತುದಿಯ ಮೆತ್ತೆಯಿಂದ ಹಿಡಿದೆಳೆಯಬೇಕು. ತೊಡೆಯ ಸಂದಿನಲ್ಲಿ ಉಡುಪು ಸರಿಯಾಗಿ ಕೂತ ಮೇಲೆಯೇ ತೋಳಿಗೆ ಕೈಹಾಕಬೇಕು. ಕೆಳಗೆ ಸರಿಯಾಗದಿದ್ದರೆ ಮೇಲೆ ಭುಜ ಕಚ್ಚುತ್ತದೆ. ಹೊಸಬರ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುವುದು. ಕಡೆಗೆ ಭುಜಗಳನ್ನು ಹಿಂದಕ್ಕೆ ಸೇರಿಸಿ ನಿಂತರೆ ಜೊತೆಯವರು ಜಿಪ್ಪನ್ನೆಳೆಯಬಹುದು. ಜಾರಲೆಂದು ಎಣ್ಣೆ, ವ್ಯಾಸಲೀನುಗಳನ್ನು ಬಳಿಯಬಾರದು. ವ್ಯಾಸಲೀನಿನಂಥವು ನಿಯೋಪ್ರೀನನ್ನು ಕೆಡಿಸುತ್ತವೆ. ನೀರು ಚಿಮುಕಿಸಿದರೆ ಸಾಕು.

ದೋಣಿಯಲ್ಲಿ ಬಿಸಿಲಿಗೆ ಕುಳಿತಿರುವಾಗ ಉಡುಪನ್ನು ಸೊಂಟದವರೆಗೆ ಮಾತ್ರ ತೊಟ್ಟಿದ್ದು, ಇಳಿಯುವ ಸಮಯಕ್ಕೆ ಪೂರ್ತಿ ಮಾಡುವುದು ಒಳ್ಳೆಯದು. ಇನ್ನೊಂದು ಮಾತು: ಗುಳ್ಳೆಗಳಿರುವುದರಿಂದ ಈ ಉಡುಪು ತೇಲುತ್ತದೆ, ಅದಕ್ಕಾಗಿಯೇ ಸೊಂಟಕ್ಕೆ ಸೀಸದ ತೂಕಗಳನ್ನು ಕಟ್ಟುವರು. 10 ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟಾಗಿ ಗುಳ್ಳೆಗಳು ಕುಗ್ಗುತ್ತವೆ. ತೇಲಿಸುವ ಶಕ್ತಿಯೂ, ಬೆಚ್ಚಗಿಡುವ ಶಕ್ತಿಯೂ ಇಳಿಯುತ್ತವೆ. ಆದ್ದರಿಂದ ಉಡುಪನ್ನು ಬದಲಾಯಿಸಿದರೆ ಶಿಕ್ಷಕರಿಗೆ ತಿಳಿಸಬೇಕು. ಅವರು ತೂಕವನ್ನು ಹೊಂದಿಸುತ್ತಾರೆ. ಮುಳುಗಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ವರುಷಕ್ಕೊಮ್ಮೆ ಹೋಗುವವರು, ಅದರಲ್ಲಿಯೂ ಬೆಳೆಯುವ ಮಕ್ಕಳು, ಉಡುಪನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ಮೇಲು.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಈ ಉಡುಪಿನ ಮೇಲೆ ಭರವಸೆಯಿಟ್ಟು ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಜಲಾಶಯಕ್ಕೋ, ಚನ್ನಪಟ್ಟಣದ ಬಳಿಯ ಕಣ್ವಕ್ಕೋ, ಅರ್ಕಾವತಿಯು ಕಾವೇರಿಯನ್ನು ಕೂಡುವ ಕನಕಪುರದ ಸಂಗಮಕ್ಕೋ ಇಳಿಯುವ ಸಾಹಸವನ್ನು ಯಾರೂ ಮಾಡಬಾರದು. ಕೆಸರು, ಸುಳಿ, ಕಾಣದ ಬಂಡೆಗಳ ಮುಂದೆ ಉಡುಪು ಏನೂ ಮಾಡಲಾರದು. ಕಲಿಯತಕ್ಕವರು ಈಜುಕೊಳದಲ್ಲಿ, ಬಲ್ಲವರ ಕೈಕೆಳಗೆ ಕಲಿಯಲಿ.

ಮಕ್ಕಳು ಕಡಲಿಗೆ ಹೊರಟಾಗ ಹೋಗಬೇಡವೆನ್ನುವುದೂ ಹಿರಿತನವಲ್ಲ, ತಾಳಿಕೊ ಎನ್ನುವುದೂ ಹಿರಿತನವಲ್ಲ. “ಮೈಗೆ ಹಿತವಾಗಿದೆಯೆ? ಉಸಿರು ಸರಾಗವೆ? ಇಲ್ಲವಾದರೆ ನಾಚದೆ ಹೇಳು” ಎಂದು ಕೇಳುವುದೇ ನಿಜವಾದ ಹಿರಿತನ. ಹೋದ ಸಲ ನನ್ನ ತಮ್ಮನ ಮಗಳು ಎರಡನೆಯ ಬಾರಿ ಹೊರಟಾಗ ನಾನು ಅದನ್ನೇ ಕೇಳಿದೆನು. ಅವಳು ನಕ್ಕು, ಕೊರಳುಪಟ್ಟಿಯೊಳಗೆ ಬೆರಳಾಡಿಸಿ ತೋರಿಸಿದಳು.