ಕಳಸಿಗೆಗೊಂದು ಬೆಲೆ, ಮುಚ್ಚಿಗೆಗೊಂದು ಬೆಲೆ

ಹಳೆಯ ಮದ್ದಳೆ ಕೊಳ್ಳಲು ಬಂದ ಮದ್ದಳೆಗಾರರು ಅದು ಎಷ್ಟು ವರ್ಷದ್ದು ಎಂದು ಮೊದಲು ಕೇಳುವುದಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಲಗಡೆಯ ಚರ್ಮದ ಮುಚ್ಚಿಗೆಗೆ ಒಂದು ಪೆಟ್ಟು ಹಾಕಿ ಕಿವಿಗೊಡುತ್ತಾರೆ. ಎಡಕ್ಕೊಂದು ಪೆಟ್ಟು. ಆಮೇಲೆ ಬಾರಿನ ಸಂದಿಯಲ್ಲಿ ಕಣ್ಣಿಟ್ಟು, ಮರದ ಒಡಲಾದ ಕಳಸಿಗೆಯನ್ನು ಸುತ್ತಲೂ ತಿರುಗಿಸಿ ನೋಡುತ್ತಾರೆ. ಮರ ಹಲಸಿನದೋ, ಸೀಳು ಬಿಟ್ಟಿದೆಯೋ, ಹುಳ ಕೊರೆದ ಹಿಟ್ಟು ಉದುರುತ್ತದೆಯೋ ಎಂಬುದು ಅವರಿಗೆ ಬೇಕು. ಮುಚ್ಚಿಗೆ ಹರಿದಿದ್ದರೆ ಹೊಸದು ಹಾಕಿಸಬಹುದು. ಅದರ ಮೇಲಿನ ಕಪ್ಪು ಲೇಪ, ಕರ್ಣೆ, ಎದ್ದಿದ್ದರೆ ಮತ್ತೆ ಹಾಕಿಸಬಹುದು. ಕಳಸಿಗೆ ಸೀಳಿದ್ದರೆ ಮದ್ದಳೆಯೇ ಹೋದಂತೆ. ಅದಕ್ಕೇ ಅವರು ಮನಸ್ಸಿನಲ್ಲಿ ಕಟ್ಟುವುದು ಎರಡು ಬೆಲೆ: ಕಳಸಿಗೆಗೊಂದು, ಮುಚ್ಚಿಗೆಗೊಂದು.

ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರಿಗೂ ಬಾಸ್ ಗಿಟಾರಿಗೂ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಅಡಿಕೆಯನ್ನು ಚಾಲಿ, ರಾಶಿ, ಕೆಂಪುಗೋಟು ಎಂದು ಬೇರ್ಪಡಿಸದೆ ಬೆಲೆ ಕಟ್ಟದ ನಾವು, ಹಳೆಯ ಮೈಕ್ ಸೆಟ್ಟಿಗೆ ಮಾತ್ರ ಇಡಿಯಾಗಿ ಒಂದೇ ಬೆಲೆ ಕಟ್ಟಿ ಕೈ ಸುಟ್ಟುಕೊಳ್ಳುತ್ತೇವೆ. ಊರ ತಾಳಮದ್ದಳೆಯ ಮೈಕ್ ನೋಡಿಕೊಳ್ಳುವವನಾದ್ದರಿಂದ ಕೊಳ್ಳುವವರೂ ಮಾರುವವರೂ ಸಾಮಾನನ್ನು ನಮ್ಮ ಮನೆಯ ಜಗಲಿಗೆ ತರುತ್ತಾರೆ. ಈ ಸಲ ವಾರದೊಳಗೆ ಎರಡು ಬಂದವು. ಒಂದು 250 ವ್ಯಾಟಿನ ಆಂಪ್ಲಿಫೈಯರ್. ಇನ್ನೊಂದು, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಹುಡುಗನೊಬ್ಬನ ಬಾಸ್ ಗಿಟಾರ್. ಎರಡಕ್ಕೂ ಪ್ರಶ್ನೆ ಒಂದೇ: “ಭಾವ, ಇದ್ಕೆ ಎಷ್ಟು ಕೊಡ್ಲಕ್ಕು?”

ಆಂಪ್ಲಿಫೈಯರ್ ಕೊಳ್ಳಹೊರಟವರನ್ನು ನಾನು ಮೊದಲು ಕೇಳಿದ್ದು, ನಿಮಗೆ 250 ವ್ಯಾಟ್ ಯಾಕೆ ಬೇಕು ಎಂದು. ತಾಳಮದ್ದಳೆ ನಮ್ಮಲ್ಲಿ ಮಳೆಗಾಲದ ಕಲೆ. ಯಾವುದೋ ದೇವಸ್ಥಾನದ ಸಭಾಭವನ, ತಗಡಿನ ಮಾಡು, ಮೇಲೆ ಆಷಾಢದ ಮಳೆ. ಸಹಜವಾಗಿ ಮಾತಾಡುವವರ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 65 ಡೆಸಿಬೆಲ್ ಇರುತ್ತದೆ. ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಕಳೆಯುತ್ತ ಹೋಗಿ. 2, 4, 8 ಮೀಟರ್ ದಾಟುವಾಗ ಉಳಿಯುವುದು 47. ಗೋಡೆಯ ಮಾರ್ದನಿ ಸ್ವಲ್ಪ ಕೂಡಿಸಿದರೂ ತಗಡಿನ ಮೇಲಿನ ಮಳೆಯ ಮುಂದೆ ಅದು ನಿಲ್ಲುವುದಿಲ್ಲ. ಮೈಕ್ ಬೇಕೇ ಬೇಕು. ಆದರೆ ಎಷ್ಟು? ಎಂಟು ಮೀಟರ್ ದೂರದಲ್ಲಿ ಕೂತವರಿಗೆ 75 ಡೆಸಿಬೆಲ್ ತಲುಪಬೇಕೆಂದರೆ ಬಾಕ್ಸಿನಿಂದ ಒಂದು ಮೀಟರಿನಲ್ಲಿ 93 ಹೊರಡಬೇಕು. ಒಂದು ವ್ಯಾಟಿಗೆ 90 ಡೆಸಿಬೆಲ್ ಕೊಡುವ ಸಾಧಾರಣ ಬಾಕ್ಸಿಗೆ ಇದು ಎರಡು ವ್ಯಾಟಿನ ಕೆಲಸ. ಅರ್ಥಧಾರಿಗಳು ವೀರಾವೇಶಕ್ಕೆ ಏರಿದಾಗ, ಚಂಡೆಯ ಪೆಟ್ಟು ಬಿದ್ದಾಗ ಒಡೆಯದಿರಲು ಹದಿನೈದು ಪಟ್ಟು ಹೆಚ್ಚು ಇಟ್ಟುಕೊಂಡರೂ 30 ವ್ಯಾಟ್. ಅರವತ್ತು ವ್ಯಾಟಿನ ಸೆಟ್ ಧಾರಾಳವಾಗಿ ಸಾಕು.

ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿ ಎಂದು ತಿಳಿದವರೇ ಹೆಚ್ಚು. 125ರಿಂದ 250ಕ್ಕೆ ಹೋದರೆ ಹೆಚ್ಚುವುದು 3 ಡೆಸಿಬೆಲ್. ಗಮನವಿಟ್ಟು ಕೇಳಿದರೆ ಸ್ವಲ್ಪ ಜೋರಾಯಿತು ಅನ್ನಿಸುವಷ್ಟು. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಜೋರು ಬೇಕಿದ್ದವರು ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಲಿ. ಹಾರ್ನ್ ಸಾಮಾನ್ಯವಾಗಿ ಒಂದು ವ್ಯಾಟಿಗೆ 105 ಡೆಸಿಬೆಲಿನ ಆಸುಪಾಸು ಕೊಡುತ್ತದೆ, ಬಾಕ್ಸಿಗಿಂತ 15 ಹೆಚ್ಚು. 15 ಡೆಸಿಬೆಲ್ ಎಂದರೆ ಸುಮಾರು 32 ಪಟ್ಟು ವ್ಯಾಟ್. ಬಯಲಾಟದ ಗದ್ದೆಗೆ ಅದು ಸರಿ. ಸಭಾಭವನದೊಳಗೆ ಹಾರ್ನ್ ಕಟ್ಟಿದರೆ ಮಾತು ಚುಚ್ಚುತ್ತದೆ, ಮದ್ದಳೆಯ ಎಡಗೈ ಸತ್ತೇ ಹೋಗುತ್ತದೆ.

ಕಾನೂನಿನ ಅಂಕಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ಹಬ್ಬ, ಉತ್ಸವ, ಕಲೆಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ದೊಡ್ಡ ಸೆಟ್ಟನ್ನು ಪೂರ್ತಿ ದನಿಯಲ್ಲಿ ಓಡಿಸುವ ತಾಸುಗಳೇ ಕಡಿಮೆಯಾಗಿರುವಾಗ ಅದರ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ವ್ಯಾಟಿನ ಲೆಕ್ಕದಲ್ಲಿ ಏರಿಸುವುದು ನ್ಯಾಯವಲ್ಲ.

ಇನ್ನು ಮುಚ್ಚಳ ಬಿಚ್ಚೋಣ. ಬಿಚ್ಚಲು ಬಿಡದವರಿಂದ ನಾನು ಕೊಳ್ಳುವುದಿಲ್ಲ. ಮೊನ್ನೆಯ ಆಂಪ್ಲಿಫೈಯರಿನ ನಾಲ್ಕು ಸ್ಕ್ರೂ ಬಿಚ್ಚಿದಾಗ ಒಳಗೆ ಹಲ್ಲಿಯ ಎರಡು ಮೊಟ್ಟೆ, ಟ್ರಾನ್ಸ್‌ಫಾರ್ಮರಿನ ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಬೆಸುಗೆಯ ಮೇಲೆ ಹಸಿರು ಕಿಲುಬು. ಕಂಡೆನ್ಸರಿನ ತಲೆ ಸ್ವಲ್ಪ ಉಬ್ಬಿತ್ತು. “ಬಳಸಿದ್ದೇ ಇಲ್ಲ, ಮೂರು ವರ್ಷದಿಂದ ಮೆತ್ತಿನ ಮೇಲೇ ಇತ್ತು” ಎಂದು ತಂದವರು ಹೆಮ್ಮೆಯಿಂದ ಹೇಳಿದರು. ನಮ್ಮ ಹವೆಯಲ್ಲಿ ಅದು ಕಳೆಯುವ ಮಾತು, ಕೂಡಿಸುವ ಮಾತಲ್ಲ. ಲೆಕ್ಕ ನೋಡಿ: 85 ಡಿಗ್ರಿಯಲ್ಲಿ 2,000 ತಾಸು ಎಂದು ಬರೆದ ಕಂಡೆನ್ಸರ್, ಬಿಸಿ ಹತ್ತು ಡಿಗ್ರಿ ಇಳಿದಂತೆಲ್ಲ ಇಮ್ಮಡಿ ಬಾಳುತ್ತದೆ ಎನ್ನುವುದು ಸಾಮಾನ್ಯ ಸೂತ್ರ. 45 ಡಿಗ್ರಿಯಲ್ಲಿ 32,000 ತಾಸು. ವರ್ಷಕ್ಕೆ 40 ಕಾರ್ಯಕ್ರಮ, ತಲಾ ಐದು ತಾಸು ಎಂದರೂ 200. ಓಡಿಸಿ ಅದನ್ನು ಸವೆಸುವುದು ಒಂದು ಜನ್ಮಕ್ಕೆ ಆಗದು. ಅದನ್ನು ಕೊಲ್ಲುವುದು ವರ್ಷಕ್ಕೆ 2,000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆಯ ಥಂಡಿ, ಮತ್ತು ಕರೆಂಟೇ ಕಾಣದೆ ಸುಮ್ಮನೆ ಕೂತ ವರ್ಷಗಳು. ವಾರಕ್ಕೊಮ್ಮೆ ಭಜನೆಗೆ ಓಡಿದ ಸೆಟ್ಟಿಗೆ ನಾನು ಹೆಚ್ಚು ಕೊಡುತ್ತೇನೆ.

ಆನ್ ಮಾಡಿದಾಗ ಬರುವ ಗುಂಯ್ ಸದ್ದಿನಲ್ಲೂ ಅಂಕಿ ಅಡಗಿದೆ. ನಮ್ಮ ಕರೆಂಟು 50 ಹರ್ಟ್ಸ್. ಸದ್ದು 50ರದ್ದಾದರೆ ತಪ್ಪು ಸಾಮಾನ್ಯವಾಗಿ ವೈರಿನಲ್ಲಿ, ಅರ್ಥಿಂಗಿನಲ್ಲಿ, ಮೈಕಿನ ಪಿನ್ನಿನಲ್ಲಿ. ಅರ್ಧ ತಾಸಿನ ಬೆಸುಗೆ ಕೆಲಸ. 100ರದ್ದಾದರೆ ಫಿಲ್ಟರ್ ಕಂಡೆನ್ಸರ್ ಹೋಗುತ್ತಿದೆ ಎಂದು ತಿಳಿಯಬೇಕು. ಎರಡನ್ನೂ ಬೇರ್ಪಡಿಸಲು ಆ ಹುಡುಗನ ಬಾಸ್ ಗಿಟಾರೇ ನೆರವಾಯಿತು. ಅದರ ನಾಲ್ಕು ತಂತಿಗಳು ದಪ್ಪದಿಂದ ತೆಳುವಿಗೆ 41, 55, 73, 98 ಹರ್ಟ್ಸ್. ತೆಳು ತಂತಿಯನ್ನು ಬಿಟ್ಟು ಮೀಟಿದರೆ 98, ದಪ್ಪ ತಂತಿಯ ಮೂರನೆಯ ಮನೆ ಒತ್ತಿದರೆ 49. ಆಂಪ್ಲಿಫೈಯರಿನ ಗುಂಯ್ ತೆಳು ತಂತಿಯ ಸ್ವರಕ್ಕೆ ಹತ್ತಿರ ಕೂತಿತು. ಕಂಡೆನ್ಸರ್ ಬದಲಿಸಲೇಬೇಕು ಎಂದು ಜಗಲಿಯಲ್ಲೇ ತೀರ್ಮಾನವಾಯಿತು. ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ 8 ಓಮಿನದು 6ರಿಂದ 7 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಎಂಟು ಓಮಿನ ಮೂರು ಬಾಕ್ಸ್‌ಗಳನ್ನು ಒಂದೇ ಜೋಡಿ ವೈರಿಗೆ ಸಮಾಂತರ ಕಟ್ಟಿದರೆ 2.7 ಓಮ್ ಆಗುತ್ತದೆ. ನಾಲ್ಕು ಓಮಿನ ಆಂಪ್ಲಿಫೈಯರಿನ ಟ್ರಾನ್ಸಿಸ್ಟರ್ ಅಲ್ಲಿಗೆ ಹಾರುತ್ತದೆ. ಹಿಂದಿನವರು ಎಷ್ಟು ಬಾಕ್ಸ್ ಕಟ್ಟುತ್ತಿದ್ದರು ಎಂದು ಕೇಳಿಯೇ ಬೆಲೆ ಆಡಿ.

ಈಗ ರೂಪಾಯಿಗೆ ಬರೋಣ. ಲೆಕ್ಕಕ್ಕೆ ಸುಲಭವಾಗಲೆಂದು ಅಂಥದೇ ಹೊಸದಕ್ಕೆ ಅಂಗಡಿಯಲ್ಲಿ 20,000 ಎಂದಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 18ರ ಜಿಎಸ್‌ಟಿ ಸೇರಿದೆ, ಅಂದರೆ ಸುಮಾರು 3,050. ಅಂಗಡಿಯ ಮೆಟ್ಟಿಲು ಇಳಿದ ಕ್ಷಣಕ್ಕೆ ಅದು ಸರ್ಕಾರದ್ದು. ಹಳೆಯದನ್ನು ಮಾರುವವರು ಅದನ್ನು ನಮ್ಮಿಂದ ಕೇಳುವಂತಿಲ್ಲ. ಉಳಿದದ್ದು 16,950. ಇದರಲ್ಲಿ ಕಳಸಿಗೆ ಎಂದರೆ ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆ, ಹೀಟ್ ಸಿಂಕ್. ಉಳಿದ ಕಂಡೆನ್ಸರ್, ಟ್ರಾನ್ಸಿಸ್ಟರ್, ವಾಲ್ಯೂಮ್ ಕಂಟ್ರೋಲ್, ಸ್ವಿಚ್ಚು ಎಲ್ಲ ಮುಚ್ಚಿಗೆ. ಅರ್ಧರ್ಧ ಹಿಡಿಯುವುದು ನನ್ನ ರೂಢಿ. ಕಳಸಿಗೆಯ ಪಾಲು ಸುಮಾರು 8,500.

ಹಳತಾದ ಮುಚ್ಚಿಗೆಯನ್ನು ಲೆಕ್ಕಕ್ಕೆ ಹಿಡಿಯದೆ, ಈ ಕಳಸಿಗೆಯ ಪಾಲಿನಿಂದ ಮೊದಲು ಕಳೆಯಬೇಕಾದ್ದು ರಿಪೇರಿ, 1,200 ಎನ್ನಿ. ಆಮೇಲೆ ನಮ್ಮ ಕಡೆಯವರು ಸದಾ ಮರೆಯುವ ಅಂಕಿ: ದಾರಿ. ರಿಪೇರಿಗೆ ಹುಬ್ಬಳ್ಳಿಗೆ ಹೋಗಬೇಕಾದರೆ ಯಲ್ಲಾಪುರದಿಂದಲೇ ಸುಮಾರು 70 ಕಿಲೋಮೀಟರ್, ನಮ್ಮೂರು ವಜ್ರಳ್ಳಿಯಿಂದ ಯಲ್ಲಾಪುರದ ದಾರಿಯೂ ಸೇರಿ ಹೋಗಿಬರಲು ಹತ್ತಿರ ಹತ್ತಿರ 180. ಕೊಟ್ಟು ಬರಲು ಒಮ್ಮೆ, ತರಲು ಇನ್ನೊಮ್ಮೆ, ಒಟ್ಟು 360. ಲೀಟರಿಗೆ 45 ಕಿಲೋಮೀಟರ್ ಓಡುವ ಬೈಕಿಗೆ 8 ಲೀಟರ್ ಪೆಟ್ರೋಲು, ನೂರರ ಲೆಕ್ಕದಲ್ಲಿ 800 ರೂಪಾಯಿ. ಎರಡು ದಿನದ ತೋಟದ ಕೆಲಸ ಬೇರೆ. ಪಕ್ಕದ ಕಳಚೆಯಲ್ಲಿ ಗುಡ್ಡ ಕುಸಿದ 2021ರ ಜುಲೈಯಂಥ ಮಳೆ ಹಿಡಿದರೆ ಎರಡನೆಯ ಸವಾರಿ ಯಾವಾಗ ಎಂದು ಹೇಳುವವರಿಲ್ಲ. ಗ್ಯಾರಂಟಿ ಇಲ್ಲದ ಸಾಮಾನಿನ ಅಪಾಯಕ್ಕೆಂದು ನೂರಕ್ಕೆ ಹತ್ತು, 850. ಎಲ್ಲ ಕಳೆದರೆ 5,650. ಹನ್ನೆರಡು ವೋಲ್ಟ್ ಬ್ಯಾಟರಿಗೆ ಹಾಕುವ ಎರಡು ಟರ್ಮಿನಲ್ ಹಿಂದೆ ಇದ್ದರೆ ನಾನು ಸಾವಿರ ಕೂಡಿಸುತ್ತೇನೆ. ಮಾತಿನ ಕಾರ್ಯಕ್ರಮಕ್ಕೆ ಸರಾಸರಿ 3 ಆಂಪಿಯರ್ ಎಳೆದರೂ 60 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ 10 ತಾಸು ನಡೆಸಬಹುದು. ಕರೆಂಟು ಹೋದ ರಾತ್ರಿ ಕರ್ಣಪರ್ವ ಅರ್ಧಕ್ಕೆ ನಿಂತ ಸಂಕಟ ಕಂಡವರಿಗೆ ಆ ಸಾವಿರ ಹೆಚ್ಚೆನಿಸದು. ಈ ಸೆಟ್ಟಿಗೆ ಟರ್ಮಿನಲ್ ಇತ್ತು, 6,650 ಎಂದೆ. ಕೇಳಿದ್ದು 10,000. ಏಳು ಸಾವಿರಕ್ಕೆ ಮುಗಿಯಿತು. 350 ಹೆಚ್ಚಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಂಗಡಿಯವರಿಂದ ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಹಳೆಯ ಸಾಮಾನಿನ ವ್ಯಾಪಾರಿಗೆ ಜಿಎಸ್‌ಟಿ ಬೀಳುವುದು ಪೂರ್ತಿ ಬೆಲೆಯ ಮೇಲಲ್ಲ, ಕೊಂಡದ್ದಕ್ಕೂ ಮಾರಿದ್ದಕ್ಕೂ ಇರುವ ವ್ಯತ್ಯಾಸದ ಮೇಲೆ ಮಾತ್ರ. ಆದರೆ ಕೊಂಡಾಗಿನ ತೆರಿಗೆಯನ್ನು ಅವರು ಮರಳಿ ಪಡೆದಿರಬಾರದು, ಸಾಮಾನಿನ ಸ್ವರೂಪ ಬದಲಾಗಿರಬಾರದು. ಎಂಟು ಸಾವಿರಕ್ಕೆ ಕೊಂಡು ಹತ್ತಕ್ಕೆ ಮಾರಿದರೆ ತೆರಿಗೆ ಎರಡು ಸಾವಿರಕ್ಕೆ, 360 ರೂಪಾಯಿ. ಹತ್ತು ಸಾವಿರಕ್ಕೂ 18 ಕಟ್ಟಬೇಕು ಎಂದು 1,800 ಕೇಳಿದರೆ ಬಿಲ್ಲು ತೋರಿಸಿ ಎನ್ನಿ.

ಬಾಸ್ ಗಿಟಾರಿನ ಕಳಸಿಗೆ ಅದರ ಕುತ್ತಿಗೆ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬಾಸ್ ಹೊರತಂದಾಗ ಇಟ್ಟ 34 ಇಂಚಿನ ತಂತಿಯಳತೆಯೇ ಇಂದಿಗೂ ರೂಢಿ. ಅಷ್ಟು ಉದ್ದದ ನಾಲ್ಕು ತಂತಿ ಸೇರಿ ಎಳೆಯುವ ಬಿಗಿ ಸುಮಾರು 75 ಕಿಲೋ, ಮುಕ್ಕಾಲು ಕ್ವಿಂಟಾಲ್ ಅಡಿಕೆಯ ಭಾರ. ಹಗಲೂ ರಾತ್ರಿ ಅದನ್ನು ತಡೆದು ನಿಲ್ಲುವುದು ಒಂದು ಮರದ ಪಟ್ಟಿ, ಅದರೊಳಗಿನ ಒಂದು ಕಬ್ಬಿಣದ ಸರಳು. ಮಳೆಗಾಲದ ಥಂಡಿಗೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪರೀಕ್ಷೆ ಹೀಗೆ: ದಪ್ಪ ತಂತಿಯನ್ನು ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಒಟ್ಟಿಗೆ ಒತ್ತಿ ಹಿಡಿದು, ನಡುವೆ ಏಳೆಂಟನೆಯ ಮನೆಯ ಹತ್ತಿರ ತಂತಿಗೂ ತಂತಿಮೆಟ್ಟಿಗೂ ಇರುವ ಸಂದು ನೋಡಬೇಕು. ಪೋಸ್ಟ್ ಕಾರ್ಡು ನುಸುಳುವಷ್ಟು, 0.3 ಮಿಲಿಮೀಟರ್ ಇದ್ದರೆ ಒಳ್ಳೆಯದು. ಒಂದು ಮಿಲಿಮೀಟರ್ ಇದ್ದರೆ ಸರಳು ತಿರುಗುತ್ತದೆಯೇ ನೋಡಿ, ತಿರುಗಿದರೆ ಸರಿಮಾಡಬಹುದು. ಕುತ್ತಿಗೆ ಹಗ್ಗ ಹೊಸೆದಂತೆ ತಿರುಚಿದ್ದರೆ ಯಾವ ಬೆಲೆಗೂ ಬೇಡ, ಅದು ಸೀಳಿದ ಕಳಸಿಗೆ.

ಹುಡುಗನ ಗಿಟಾರಿನ ಸಂದು ಕಾರ್ಡಿನಷ್ಟೇ ಇತ್ತು. ಪಿಕಪ್ಪಿಗೆ ಮೀಟರ್ ಹಿಡಿದರೆ 8 ಕಿಲೋ ಓಮ್. 6ರಿಂದ 12ರ ನಡುವೆ ಬಂದರೆ ಜೀವ ಇದೆ ಎಂದರ್ಥ. ಹಿಂದಿನ ಬ್ಯಾಟರಿ ಗೂಡು ತೆರೆದರೆ 9 ವೋಲ್ಟಿನ ಬ್ಯಾಟರಿ ಒಡೆದು ಬಿಳಿ ಹಿಟ್ಟಾಗಿ ತಗಡಿಗೆ ಹಿಡಿದಿತ್ತು. ವೈರನ್ನು ಗಿಟಾರಿಗೆ ಚುಚ್ಚಿಯೇ ಇಟ್ಟರೆ ಇಂಥ ಗಿಟಾರಿನ ಬ್ಯಾಟರಿ ನುಡಿಸದಿದ್ದರೂ ಖಾಲಿಯಾಗುತ್ತದೆ, ಅದು ಅವನಿಗೆ ಗೊತ್ತಿರಲಿಲ್ಲ. ತಂತಿಗಳ ಮೇಲೆ ತುಕ್ಕು. ಒಳ್ಳೆಯ ತಂತಿಯ ಸೆಟ್ಟಿಗೆ ಎರಡು ಸಾವಿರದ ಆಸುಪಾಸು. ಹನ್ನೆರಡು ಸಾವಿರದ ಗಿಟಾರಿಗೆ ಅದು ಆರನೆಯ ಒಂದು ಪಾಲು. ತಂತಿ ಹಳೆಯದು ಎಂಬ ಒಂದೇ ಕಾರಣಕ್ಕೆ ಅಷ್ಟು ಇಳಿಸಿ ಕೇಳುವ ಹಕ್ಕು ಕೊಳ್ಳುವವರಿಗಿದೆ. ಮಾರುವವರು ಎರಡು ಸಾವಿರ ಹಾಕಿ ಹೊಸ ತಂತಿ ಕಟ್ಟಿ ತೋರಿಸಿದರೆ ಆ ದುಡ್ಡು ಮರಳಿ ಬರುತ್ತದೆ, ಕೇಳಿದವರ ಮನಸ್ಸೂ ತೆರೆಯುತ್ತದೆ.

“ಇದನ್ನು ತಾಳಮದ್ದಳೆ ಸಂಘದ ಮೈಕ್ ಸೆಟ್ಟಿಗೇ ಹಾಕಿ ನುಡಿಸಬಹುದಾ?” ಎಂದು ಅವನು ಕೇಳಿದ. ಬೇಡ ಎಂದೆ. ಆ ಸೆಟ್ಟಿಗೆ ಬಯಲಿನಲ್ಲಿ ಕಟ್ಟುವ ಹಾರ್ನಿನ ದನಿ ಸುಮಾರು 300 ಹರ್ಟ್ಸಿನ ಕೆಳಗೆ ಬೇಗ ಕುಸಿಯುತ್ತದೆ. 41ರ ಸ್ವರದ ಅಲೆಯ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಅದನ್ನು ಆ ಹಾರ್ನು ತಳ್ಳಲಾರದು, ಕೇಳುವುದು ಬೆರಳಿನ ಕಟಕಟ ಮಾತ್ರ. ತಳ್ಳಲು ಹೋದರೆ ಒಳಗಿನ ಡಯಾಫ್ರಾಮ್ ಹರಿಯುತ್ತದೆ. ಬಾಸಿಗೆ 12 ಅಥವಾ 15 ಇಂಚಿನ ಬಾಕ್ಸಿರುವ ಅದರದೇ ಆಂಪ್ಲಿಫೈಯರ್ ಬೇಕು. ವ್ಯಾಟ್ ಹೆಚ್ಚಿರಲಿ ಎಂದು ನಾನು ಹೇಳುವುದು ಈ ಒಂದು ಕಡೆ ಮಾತ್ರ, ಏಕೆಂದರೆ ಅಷ್ಟು ತಗ್ಗಿನ ದನಿಗೆ ನಮ್ಮ ಕಿವಿ ಮಂದ. ಅವನು ಮಾರುವುದನ್ನು ಸದ್ಯಕ್ಕೆ ಕೈಬಿಟ್ಟಿದ್ದಾನೆ.

ಏಳು ಸಾವಿರದ ಆಂಪ್ಲಿಫೈಯರ್ ರಿಪೇರಿಯಾಗಿ ಬಂದಿದೆ. ಒಳಗೆ ಥಂಡಿ ಸೇರದಂತೆ ಆಷಾಢ ಮುಗಿಯುವವರೆಗೆ ವಾರಕ್ಕೊಮ್ಮೆ ಒಂದು ತಾಸು ಓಡಿಸಲು ಕೊಂಡವರಿಗೆ ಹೇಳಿದ್ದೇನೆ. ಮುಚ್ಚಳ ಹಾಕುವ ಮೊದಲು ಅದರ ಒಳಮೈಗೆ ಒಂದು ಬಿಳಿ ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಬರೆದೆ: ಕೊಂಡ ದಿನ, ಕೊಟ್ಟ ಬೆಲೆ, ಬದಲಿಸಿದ ಎರಡು ಕಂಡೆನ್ಸರ್, ಖರ್ಚು, ಕಟ್ಟಬಹುದಾದ ಬಾಕ್ಸ್ ಎಂಟು ಓಮಿನವು ಎರಡು ಮಾತ್ರ. ಕೆಳಗೆ ಅರ್ಧ ಕಾಗದ ಖಾಲಿ ಬಿಟ್ಟಿದ್ದೇನೆ, ಮುಂದೆ ಇದನ್ನು ಬಿಚ್ಚುವವರು ಬರೆಯಲೆಂದು.