ಹುಲಿಗೆ ಹಾಜರಿ ಹಾಕುವುದು ಹೇಗೆ?

ಮಕ್ಕಳೇ, ಮೇಷ್ಟ್ರು ಹೆಸರು ಕೂಗಿದರೆ ನೀವು ‘ಹಾಜರ್ ಸರ್’ ಅನ್ನುತ್ತೀರಿ. ಹುಲಿ ಅನ್ನುತ್ತದೆಯೇ? ಮನುಷ್ಯರ ಸುಳಿವು ಸಿಕ್ಕರೆ ಸಾಕು, ಪೊದೆಯಲ್ಲಿ ಮರೆಯಾಗುತ್ತದೆ. ಹಾಗಿದ್ದೂ 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು ಅಂದಾಜು 563 ಎಂದು ಲೆಕ್ಕ ಸಿಕ್ಕಿತು. ಹೇಗೆ?

ಹಿಂದೆ ಹೆಜ್ಜೆ ಗುರುತೇ ಆಧಾರ. ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದುಕೊಳ್ಳುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತರಹ, ಒಣಮಣ್ಣಿನಲ್ಲಿ ಇನ್ನೊಂದು ತರಹ! ಇದರಿಂದ ಎಂಥ ಅನಾಹುತವಾಯಿತು ಗೊತ್ತೇ? ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳಿವೆ ಎಂದು ಲೆಕ್ಕದ ಪುಸ್ತಕ ಹೇಳುತ್ತಿತ್ತು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು.

ಅದಕ್ಕೂ ಮೊದಲೇ ನಮ್ಮ ನಾಗರಹೊಳೆಯಲ್ಲಿ ಬೇರೆ ದಾರಿ ತೆರೆದಿತ್ತು. ಸಾಹಿತಿ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಓದಿದ್ದು ಎಂಜಿನಿಯರಿಂಗ್, ಒಲಿದದ್ದು ಕಾಡು. ಅವರು 1990ರ ದಶಕದ ಆರಂಭದಲ್ಲಿ ಕಾಡುದಾರಿಯ ಎರಡೂ ಬದಿ ಕ್ಯಾಮೆರಾ ಇಟ್ಟರು. ಹುಲಿ ನಡೆದುಹೋದರೆ ತಾನಾಗಿ ಫೋಟೊ! ಎರಡು ಬದಿ ಏಕೆಂದರೆ, ಹುಲಿಯ ಎಡಮೈ ಪಟ್ಟೆ ಬಲಮೈಯಲ್ಲಿರುವುದಿಲ್ಲ. ನಿಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ.

ಕ್ಯಾಮೆರಾಕ್ಕೆ ಸಿಗದ ಹುಲಿಗಳ ಲೆಕ್ಕ? ಅದಕ್ಕೊಂದು ಆಟವಿದೆ. ಅಜ್ಜಿಯ ಡಬ್ಬಿಯಿಂದ 20 ಹುಣಸೆಬೀಜ ತೆಗೆಯಿರಿ. ಅಜ್ಜನ ಎಲೆಅಡಿಕೆ ಚೀಲದ ಸುಣ್ಣದಿಂದ ಚುಕ್ಕೆ ಇಟ್ಟು, ಒಣಗಿಸಿ, ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ. ಮತ್ತೆ ಕಣ್ಣುಮುಚ್ಚಿ 20 ತೆಗೆಯಿರಿ. ನಾಲ್ಕರಲ್ಲಿ ಚುಕ್ಕೆ ಇದೆ ಎನ್ನೋಣ. ಅಂದರೆ ಐದರಲ್ಲಿ ಒಂದು ಚುಕ್ಕೆಬೀಜ. ಚುಕ್ಕೆ ಇಟ್ಟದ್ದು 20, ಹಾಗಾದರೆ ಡಬ್ಬಿಯಲ್ಲಿ ಸುಮಾರು 100! ಎಲ್ಲ ಬೀಜ ಎಣಿಸಿ ತಾಳೆ ನೋಡಿ. ತುಸು ಹೆಚ್ಚುಕಡಿಮೆ ಬರುತ್ತದೆ. ಅದಕ್ಕೇ ಇದನ್ನು ಅಂದಾಜು ಎನ್ನುವುದು. ವಿಜ್ಞಾನಿಗಳ ಗಣಿತ ಇದಕ್ಕಿಂತ ದೊಡ್ಡದು, ಬೇರು ಮಾತ್ರ ಇದೇ. ಹುಲಿಗೆ ಸುಣ್ಣ ಹಚ್ಚಬೇಕಿಲ್ಲ. ಗುರುತು ಅದರ ಮೈಮೇಲೇ ಇದೆ.

ತೆಲಿಗಿ, ಹರಪನಹಳ್ಳಿ ಕಡೆಯ ಮಕ್ಕಳಿಗೆ ಹುಲಿಕಾಡು ದೂರ. ಆದರೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ. ಒಂದೊಂದರ ಚುಕ್ಕೆಯೂ ಬೇರೆ ಬೇರೆ. ಆದ್ದರಿಂದ ಅವನ್ನೂ ಹೀಗೆಯೇ ಎಣಿಸಬಹುದು.

ಲೆಕ್ಕ ಸರಿಯಿದ್ದರೆ ಸಂಖ್ಯೆ ಇಳಿಯುವುದು ಬೇಗ ತಿಳಿಯುತ್ತದೆ, ಕಾವಲು ಬಿಗಿ ಮಾಡಬಹುದು. ಸರಿಸ್ಕಾಕ್ಕೆ ಮತ್ತೆ ಹುಲಿ ಬರಲು, 2008ರಲ್ಲಿ ರಣಥಂಬೋರದಿಂದ ಹೆಲಿಕಾಪ್ಟರಿನಲ್ಲಿ ತರಬೇಕಾಯಿತು.