ಲೋಳೆಸರದ ಬಿಳಿ ಹಿಟ್ಟು

ಕಳೆದ ಬೇಸಗೆಯ ಆರಂಭದಲ್ಲಿ ನಮ್ಮ ಶಾಲೆಯ ಜಗಲಿಯ ಲೋಳೆಸರದ ಕುಂಡಗಳಲ್ಲಿ, ಎಲೆಗಳ ಬುಡಕ್ಕೆ ಯಾರೋ ಅಕ್ಕಿಹಿಟ್ಟನ್ನು ಚಿಮುಕಿಸಿದಂತೆ ಕಾಣತೊಡಗಿತು. ಪಕ್ಕದ ಸಾಂಬಾರಬಳ್ಳಿಗೂ ಅದು ಹಬ್ಬಿತು. ಏಳನೆಯ ತರಗತಿಯ ಬಾಲಕನೊಬ್ಬನು, ಉಪಕಾರ ಮಾಡಬೇಕೆಂಬ ಸದ್ಭಾವನೆಯಿಂದಲೇ, ಮನೆಯ ತೋಟಕ್ಕೆ ತಂದು ಉಳಿದಿದ್ದ ಕೀಟನಾಶಕದ ಸೀಸೆಯನ್ನು ಪುಸ್ತಕದ ಚೀಲದಲ್ಲಿ ಬುತ್ತಿಯ ಪಕ್ಕದಲ್ಲಿಯೇ ಇಟ್ಟುಕೊಂಡು ಬಂದನು. ನಾವು ಅದನ್ನು ಕೂಡಲೇ ತೆಗೆದಿರಿಸಿ, ಸಂಜೆ ಅವನ ತಂದೆಯವರ ಕೈಗೆ ಒಪ್ಪಿಸಿದೆವು. ಬಾಲಕನನ್ನು ಗದರಿಸಲಿಲ್ಲ. ಹುಳ ಕಂಡರೆ ವಿಷ ಎಂಬ ಪಾಠವನ್ನು ಅವನು ಕಲಿತದ್ದು ದೊಡ್ಡವರಿಂದ. ಆದುದರಿಂದ ಈ ಲೇಖನವು ಮಕ್ಕಳಿಗೆಷ್ಟೋ ಪೋಷಕರಿಗೂ ಅಷ್ಟೇ.

ಆ ಹಿಟ್ಟು ನಿಜವಾಗಿ ಒಂದು ಕೀಟ. ಹಿಟ್ಟು ತಿಗಣೆಯೆಂದು ಅದನ್ನು ಕರೆಯುತ್ತಾರೆ. ಎಲೆಯನ್ನು ಕಚ್ಚಿ ತಿನ್ನಲು ಅದಕ್ಕೆ ಹಲ್ಲಿಲ್ಲ; ಕೂದಲಿಗಿಂತ ಸಪೂರವಾದ ಸೂಜಿಯಂತಹ ಬಾಯಿ ಇದೆ. ಅದನ್ನು ಚುಚ್ಚಿ ಗಿಡದ ರಸವನ್ನು ಹೀರುತ್ತದೆ. ಗಿಡದ ರಸದಲ್ಲಿ ಸಕ್ಕರೆ ಬಹಳ, ಮೈ ಬೆಳೆಯಲು ಬೇಕಾದ ಸಾರ ಸ್ವಲ್ಪ. ಬೇಕಾದಷ್ಟು ಸಾರ ದೊರೆಯಬೇಕಾದರೆ ಅತಿಯಾಗಿ ಕುಡಿಯಲೇಬೇಕು. ಹೆಚ್ಚಾದ ಸಕ್ಕರೆಯನ್ನು ಅಂಟಾದ ಹನಿಗಳಾಗಿ ಹೊರಕ್ಕೆ ಬಿಡಬೇಕು. ಆ ಅಂಟಿನ ಮೇಲೆ ಕಾಡಿಗೆಯಂತಹ ಬೂಷ್ಟು ಬೆಳೆಯುತ್ತದೆ, ಸಿಹಿಗಾಗಿ ಇರುವೆಗಳು ಬರುತ್ತವೆ. ಇರುವೆಗಳು ಸುಮ್ಮನೆ ಬಂದು ಹೋಗುವುದಿಲ್ಲ. ಗೋವಳರು ದನ ಕಾಯುವಂತೆ ಅವು ತಿಗಣೆಗಳನ್ನು ಕಾಯುತ್ತವೆ, ಶತ್ರುಗಳನ್ನು ಅಟ್ಟುತ್ತವೆ. ಕುಂಡದ ಮೇಲೆ ಇರುವೆಯ ಸಾಲು ಕಂಡರೆ ಎಲೆಯ ಸಂದನ್ನು ಬಿಡಿಸಿ ನೋಡತಕ್ಕದ್ದು.

ದಪ್ಪ ಎಲೆಯ ಗಿಡಗಳು ನೀರನ್ನು ಒಳಗೆ ಕೂಡಿಟ್ಟುಕೊಳ್ಳುವುದರಿಂದ ನೋವನ್ನು ಬೇಗನೆ ತೋರಗೊಡುವುದಿಲ್ಲ. ಎಲೆ ಬಾಡುವ ಹೊತ್ತಿಗೆ ತಿಗಣೆಯ ಸಂಸಾರ ದೊಡ್ಡದಾಗಿರುತ್ತದೆ. ಹೆಣ್ಣು ತಿಗಣೆಯು ಹತ್ತಿಯಂತಹ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೈಮೇಲಿನ ಬಿಳಿಪುಡಿಯು ಮೇಣವಾದುದರಿಂದ ಬರಿಯ ನೀರು ಜಾರಿಹೋಗುತ್ತದೆ. ಉಪಾಯವಿರುವುದು ಇಲ್ಲಿಯೇ. ಮೇಣವನ್ನು ಭೇದಿಸಿದರೆ ಸಾಕು, ತಿಗಣೆ ಉಳಿಯದು.

ಕುಂಡಗಳು ಕೆಲವೇ ಇದ್ದರೆ, ಕಡ್ಡಿಗೆ ಹತ್ತಿ ಸುತ್ತಿ, ಗಾಯ ಒರಸುವ ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದು ತಿಗಣೆಗೂ ಮುಟ್ಟಿಸಬೇಕು. ಬಿಳಿ ಬಣ್ಣ ಹೋಗಿ ಕೆಂಪು ಕಂದಾದರೆ ಕೆಲಸವಾಯಿತೆಂದು ತಿಳಿಯಬಹುದು. ಸ್ಪಿರಿಟ್ಟಿಗೆ ಬೆಂಕಿ ಹತ್ತುವುದರಿಂದ ಈ ಕೆಲಸವನ್ನು ದೊಡ್ಡವರೇ ಮಾಡಲಿ. ಗಿಡಗಳು ಹೆಚ್ಚಿದ್ದರೆ ಒಂದು ಲೀಟರು ನೀರಿಗೆ ಸುಮಾರು 5 ಗ್ರಾಂ ಸೌಮ್ಯವಾದ ಸಾಬೂನನ್ನು ಕದಡಿ, ಸಂಜೆಯ ಹೊತ್ತು ಸಿಂಪಡಿಸಿ, ಸ್ವಲ್ಪ ಹೊತ್ತಿನ ಬಳಿಕ ನೀರಿನಿಂದ ತೊಳೆಯಬೇಕು. ಬಟ್ಟೆ ಒಗೆಯುವ ಪುಡಿ ಬೇಡ. ಅದು ಎಲೆಯನ್ನೇ ಸುಡುತ್ತದೆ. ಬೇವಿನೆಣ್ಣೆಯೂ ಒಳ್ಳೆಯದೇ, ಆದರೆ ಬೂದಿ ಬಳಿದಂತಿರುವ ಎಲೆಗಳಲ್ಲಿ ಕಲೆ ಮಾಡುತ್ತದೆ. ಯಾವುದನ್ನಾದರೂ ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾಯಬೇಕು. ಮೊಟ್ಟೆಗಳು ಒಮ್ಮೆಗೇ ಸಾಯುವುದಿಲ್ಲವಾದುದರಿಂದ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಬಾರಿ ಮಾಡಿದರೇನೇ ಫಲ. ಹೆಚ್ಚಿನವರು ಸೋಲುವುದು ಎರಡನೆಯ ವಾರದ ಸೋಮಾರಿತನದಲ್ಲಿ.

ಎಲೆ ಶುದ್ಧವಾಗಿದ್ದೂ ಗಿಡ ಸೊರಗಿದರೆ ಬೇರನ್ನು ನೋಡಬೇಕು. ಅಲ್ಲಿಯೂ ಬಿಳಿ ಹಿಟ್ಟು ಕಂಡರೆ ಮಣ್ಣನ್ನೆಲ್ಲ ಕೊಡವಿ, ಬೇರು ತೊಳೆದು, ಕೆಟ್ಟುದನ್ನು ಕತ್ತರಿಸಿ, ಕೆಲವು ದಿನ ನೆರಳಿನಲ್ಲಿ ಒಣಗಿಸಿ ಹೊಸ ಮಣ್ಣಿನಲ್ಲಿ ನೆಡಬಹುದು. ಲೋಳೆಸರವು ಇಷ್ಟನ್ನು ಸಹಿಸಬಲ್ಲದು.

ಇಷ್ಟು ಕಷ್ಟವೇಕೆ, ಒಂದು ಸಲ ವಿಷ ಹೊಡೆದರಾಗದೆ ಎಂದು ಕೇಳುವವರುಂಟು. ಕಾಸರಗೋಡಿನವರು ಈ ಪ್ರಶ್ನೆ ಕೇಳಬಾರದು. ಗೇರುಮರದ ಚಿಗುರಿನ ರಸ ಹೀರಿ ಅದನ್ನು ಕರಟಿಸುವ ಟೀ ಸೊಳ್ಳೆಯೂ ಇಂತಹ ಸೂಜಿಬಾಯಿಯ ಕೀಟವೇ. ಅದನ್ನು ಅಡಗಿಸಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯೇ ಮೊದಲಾದ ಗ್ರಾಮಗಳಲ್ಲಿ, ತೋಟದ ಬುಡದ ತೋಡಿನ ನೀರು ಕುಡಿದವರ ಮನೆಗಳಲ್ಲಿ, ಹಾಸಿಗೆ ಬಿಟ್ಟೇಳದ ಮಕ್ಕಳನ್ನು ನಮ್ಮ ಪೋಷಕರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. ಲೋಳೆಸರವನ್ನು ಗಾಯಕ್ಕೆ ಹಚ್ಚುತ್ತೇವೆ. ಸಾಂಬಾರಬಳ್ಳಿಯ ಎಲೆಯನ್ನು ಮಗುವಿನ ಕೆಮ್ಮಿಗೆ ರಸ ಹಿಂಡಿ ಕೊಡುತ್ತೇವೆ. ಅವುಗಳ ಮೇಲೆ ಏನನ್ನು ಸುರಿಯಬಹುದೆಂದು ಬೇರೆ ಹೇಳಬೇಕೆ?

ವಿಷದಿಂದ ಮಿತ್ರಕೀಟಗಳೂ ಸಾಯುತ್ತವೆ. ಹಿಟ್ಟು ತಿಗಣೆಯನ್ನು ತಿನ್ನುವ ಒಂದು ಗುಲಗಂಜಿ ಹುಳವನ್ನು 1898ರಲ್ಲಿಯೇ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ತಂದಿದ್ದರು. ಕಪ್ಪು ರೆಕ್ಕೆ, ಕಿತ್ತಳೆ ತಲೆಯ ಚಿಕ್ಕ ಹುಳ ಅದು. ಅದರ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊತ್ತು ತಿಗಣೆಯಂತೆಯೇ ಕಾಣುವುದೊಂದು ವಿಚಿತ್ರ. ನಮ್ಮ ಮಕ್ಕಳು ‘ತಿಗಣೆಗಳ ರಾಜ’ನೆಂದು ಒಂದನ್ನು ಹಿಡಿದು ತಂದರು. ಮೇಜಿನ ಮೇಲಿಟ್ಟಾಗ ಅದು ಚುರುಕಾಗಿ ಓಡಿತು. ತಿಗಣೆ ಹಾಗೆ ಓಡದು. ಭೂತಗನ್ನಡಿಯಲ್ಲಿ ನೋಡಿದ ಮೇಲೆ ಅದನ್ನು ಕುಂಡಕ್ಕೆ ಮರಳಿಸಿ, ಆ ಕುಂಡಕ್ಕೆ ಮಾತ್ರ ಸಾಬೂನು ಹಾಕದೆ ಬಿಟ್ಟೆವು. ಇರುವೆ ಹತ್ತದಂತೆ ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿರಿಸಿ, ಅದರ ಮೇಲೆ ಕುಂಡವನ್ನು ಇಟ್ಟೆವು. ಸೀಸೆ ತಂದಿದ್ದ ಬಾಲಕನೇ ಈಗ ಆ ತಟ್ಟೆಗೆ ದಿನವೂ ನೀರು ತುಂಬುತ್ತಾನೆ.